ರಾಟೆ ಅಜ್ಜನ ಕಾಲದ್ದು, ಹಗ್ಗ ಈ ವರ್ಷದ್ದು

ಹಳೇ ರೋಡ್ ಸೈಕಲ್ ಹುಡುಕಿ ತಂದು, ಬಿಚ್ಚಿ, ತೊಳೆದು, ಮತ್ತೆ ಜೋಡಿಸುವ ಹುಚ್ಚಿರುವವರ ನಡುವೆ ಒಂದು ಪದ ಈಗ ಮಂತ್ರವಾಗಿಬಿಟ್ಟಿದೆ: ಪೀರಿಯಡ್ ಕರೆಕ್ಟ್. ಸೈಕಲ್ 1974ರದ್ದು ಅಂದರೆ ಅದರ ಮೈಮೇಲಿನ ಸಾಮಾನೆಲ್ಲ 1974ರದ್ದೇ ಆಗಿರಬೇಕು. ಗೇರ್ ಲಿವರ್ ಆ ಕಾಲದ್ದು, ಪೆಡಲ್ ಆ ಕಾಲದ್ದು, ಸೀಟು ಆ ಕಾಲದ್ದು. ಇಲ್ಲಿಯವರೆಗೆ ನನ್ನದೇನೂ ತಕರಾರಿಲ್ಲ. ನನಗೂ ಆ ಹುಚ್ಚಿದೆ. ಆದರೆ ಈ ಮಡಿ ಈಗ ಬ್ರೇಕ್ ಕೇಬಲ್ಲಿಗೂ ಬಂದಿದೆ. ಹೊಸ ಕೇಬಲ್ ಹಾಕಿದರೆ ಮೈಲಿಗೆ. ಎಲ್ಲೋ ಯೂರೋಪಿನ ಗೋಡೌನಿನಲ್ಲಿ ಐವತ್ತು ವರ್ಷ ಮಾರಾಟವಾಗದೆ ಉಳಿದ ಕೇಬಲ್ ಆದರೆ ಪರಮ ಪವಿತ್ರ. ಅದಕ್ಕೊಂದು ಚೆಂದದ ಹೆಸರೂ ಇದೆ: ನ್ಯೂ ಓಲ್ಡ್ ಸ್ಟಾಕ್. ಹೊಸದೇ ಸ್ವಾಮಿ, ಆದರೆ ಹಳೇದು!

ಅದನ್ನು ಡಾಲರ್ ಕೊಟ್ಟು ತರಿಸಿ, ಕಸ್ಟಮ್ಸ್ ಕಟ್ಟಿ, ಫೋಟೋ ತೆಗೆದು ಹಾಕಿ, ಭಾನುವಾರ ಬೆಳಿಗ್ಗೆ ಅದೇ ಕೇಬಲ್ ನಂಬಿಕೊಂಡು ನಂದಿಬೆಟ್ಟ ಇಳಿಯುವವರಿದ್ದಾರೆ. ಅವರಿಗೆ ನಾನು ಹೇಳಬೇಕಾಗಿರೋದು ಇಷ್ಟೇ: ನೀವು ಮಾಡ್ತಿರೋದು ಎಂಜಿನಿಯರಿಂಗ್ ಲೆಕ್ಕದಲ್ಲಿ ತಪ್ಪು. ಅದಕ್ಕಿಂತ ತಮಾಷೆ ಅಂದರೆ, ನೀವು ಯಾವ ಇತಿಹಾಸದ ಹೆಸರಿನಲ್ಲಿ ಇದನ್ನು ಮಾಡ್ತಿದ್ದೀರೋ ಆ ಇತಿಹಾಸದ ಲೆಕ್ಕದಲ್ಲೂ ತಪ್ಪು.

ಮೊದಲು ಸಿಂಪಲ್ ಗಣಿತ ನೋಡಿ. 1974ರಲ್ಲಿ ಒಬ್ಬ ಸವಾರ ಅಂಗಡಿಯಿಂದ ಹೊಸ ಸೈಕಲ್ ತಂದ. ಅದರ ಕೇಬಲ್ಲಿನ ವಯಸ್ಸೆಷ್ಟು? ಕೆಲವು ತಿಂಗಳು. ಎರಡು ವರ್ಷ ತುಳಿದ, ವೈರು ಬಿಗಿಯಾಯಿತು, ಬದಲಿಸಿದ. ಮತ್ತೆ ಕೆಲವು ತಿಂಗಳ ವಯಸ್ಸಿನ ವೈರು. ಆ ಕಾಲದಲ್ಲಿ ಐವತ್ತು ವರ್ಷ ಹಳೆಯ ಕೇಬಲ್ ಹಾಕಿಕೊಂಡು ರೇಸಿಗೆ ಹೋದವನು ಯಾರಾದರೂ ಇದ್ದನಾ? 1974ಕ್ಕೆ ಐವತ್ತು ವರ್ಷ ಹಿಂದಕ್ಕೆ ಹೋದರೆ 1924. 1924ರ ವೈರು ಹಾಕಿಕೊಂಡು ಯಾವನೂ ಬೆಟ್ಟ ಇಳಿಯುತ್ತಿರಲಿಲ್ಲ. ಹಾಗಾಗಿ ಇವತ್ತು ನೀವು ಹಾಕುತ್ತಿರೋದು 1974ರ ಕೇಬಲ್ ಅಲ್ಲವೇ ಅಲ್ಲ. ಅರ್ಧ ಶತಮಾನ ಮುದಿಯಾದ ಕೇಬಲ್. ಆ ಕಾಲಕ್ಕೆ ನಿಜವಾಗಿ ತಕ್ಕದ್ದು ಯಾವುದು ಗೊತ್ತಾ? ಹೊಸದು. ಪೀರಿಯಡ್ ಕರೆಕ್ಟ್ ಕೇಬಲ್ ಅಂದರೆ ಹೊಸ ಕೇಬಲ್, ಅಷ್ಟೇ.

ನಮ್ಮೂರು ತಿಪಟೂರಿನ ಕಡೆಯ ಹಳ್ಳಿ. ಮನೆ ಹಿತ್ತಲಿನ ಬಾವಿಗೆ ಅಜ್ಜ ಹಾಕಿಸಿದ್ದ ಕಬ್ಬಿಣದ ರಾಟೆ ನಾನು ಬಿಇ ಮುಗಿಸಿ ಬೆಂಗಳೂರಿಗೆ ಬರುವವರೆಗೂ ಅದೇ ಇತ್ತು. ಹಗ್ಗ? ಲೆಕ್ಕವಿಲ್ಲದಷ್ಟು ಸಲ ಬದಲಾಗಿತ್ತು. ಮೊದಲು ತೆಂಗಿನ ನಾರಿನದು, ಆಮೇಲೆ ನೈಲಾನ್. ಅಜ್ಜಿ ದಿನಾ ನೀರು ಸೇದುವ ಮೊದಲು ಹಗ್ಗವನ್ನು ಅಂಗೈಯಲ್ಲಿ ಒಂದು ಸಲ ಜಾರಿಸಿ ನೋಡುತ್ತಿದ್ದಳು, ಎಳೆ ಕಿತ್ತಿದೆಯಾ ಅಂತ. ‘ಹಗ್ಗ ಸವೆದದ್ದು ಬಿಂದಿಗೆ ಬಾವಿಗೆ ಬಿದ್ದ ಮೇಲೆ ಗೊತ್ತಾಗಬಾರದು ಕಣೋ’ ಅನ್ನುತ್ತಿದ್ದಳು. ಹೊಸ ಹಗ್ಗ ಹಾಕಿದ್ದಕ್ಕೆ ಬಾವಿ ಅಜ್ಜನದ್ದಲ್ಲ ಅಂತ ಯಾರೂ ಹೇಳಲಿಲ್ಲ. ಊರ ತೇರಿಗೂ ಇದೇ ನ್ಯಾಯ. ತೇರಿನ ಗಾಲಿ ಎಷ್ಟೇ ಹಳೆಯದಿರಲಿ, ಜಾತ್ರೆಗೆ ಮುಂಚೆ ಹಗ್ಗ ನೋಡುತ್ತಾರೆ, ಪುಕ್ಕಾಗಿದ್ದರೆ ಹೊಸದು ತರುತ್ತಾರೆ. ಸಾವಿರ ಜನ ಎಳೆಯುವಾಗ ‘ಇದು ಮುತ್ತಾತನ ಕಾಲದ ಹಗ್ಗ’ ಅನ್ನೋ ಹೆಮ್ಮೆ ಯಾರ ಜೀವವನ್ನೂ ಕಾಯಲ್ಲ.

ಸೈಕಲ್ಲಿನ ಬ್ರೇಕ್ ವೈರು ಆ ಹಗ್ಗದ ಹಾಗೇ. ಬಹಳ ಸರಳವಾದ, ಬಹಳ ಬುದ್ಧಿವಂತ ಉಪಾಯ. ಅರ್ನೆಸ್ಟ್ ಮಾನಿಂಗ್ಟನ್ ಬೌಡನ್ ಎಂಬಾತ 1896ರಲ್ಲಿ ಪೇಟೆಂಟ್ ಮಾಡಿದ್ದು. ರ‍್ಯಾಲಿ ಸೈಕಲ್ ಕಂಪನಿ ಕಟ್ಟಿದ ಫ್ರಾಂಕ್ ಬೌಡನ್ ಬೇರೆ, ಇವನು ಬೇರೆ. ಉಪಾಯ ಏನಂದರೆ, ಒಳಗೆ ಸಣ್ಣ ಉಕ್ಕಿನ ಎಳೆಗಳನ್ನು ಹೊಸೆದ ವೈರು, ಹೊರಗೆ ಸ್ಪ್ರಿಂಗಿನಂತೆ ಸುತ್ತಿದ ಉಕ್ಕಿನ ಕೊಳವೆ. ನೀವು ಲಿವರ್ ಹಿಡಿದಾಗ ಒಳವೈರು ಎಳೆಸಿಕೊಳ್ಳುತ್ತದೆ, ಹೊರಗಿನ ಔಟರ್ ಅಷ್ಟೇ ಬಲದಲ್ಲಿ ಒತ್ತಿಸಿಕೊಳ್ಳುತ್ತದೆ. ಒಂದು ಎಳೆತ, ಒಂದು ಒತ್ತಡ. ಎರಡೂ ಸರಿಸಮ ಇರುವುದರಿಂದಲೇ ವೈರು ಎಲ್ಲಿ ಬೇಕಾದರೂ ಬಾಗಿ ಹೋಗಬಹುದು, ಬಲ ಮಾತ್ರ ತಪ್ಪದೆ ಕ್ಯಾಲಿಪರ್‌ಗೆ ಮುಟ್ಟುತ್ತದೆ. ಹತ್ತಿರ ಹತ್ತಿರ 130 ವರ್ಷ ಆಯಿತು, ಇವತ್ತಿಗೂ ಇದೇ ತತ್ವ ನಡೀತಾ ಇದೆ.

ಈಗ ಈ ವೈರಿಗೆ ಐವತ್ತು ವರ್ಷದಲ್ಲಿ ಏನಾಗುತ್ತೆ ಅಂತ ನೋಡೋಣ. ಆ ಕಾಲದ ಔಟರ್‌ಗಳಲ್ಲಿ ಬಹುಪಾಲಿಗೆ ಒಳಗಡೆ ಪ್ಲಾಸ್ಟಿಕ್ ಪದರ ಇರುತ್ತಿರಲಿಲ್ಲ. ಉಕ್ಕಿನ ಮೇಲೆ ಉಕ್ಕು ಉಜ್ಜುತ್ತಿತ್ತು, ನಡುವೆ ಗ್ರೀಸ್ ಒಂದೇ ಗತಿ. ಗ್ರೀಸ್ ಒಣಗಿ ಮೇಣವಾಗುತ್ತದೆ. ತೇವ ಒಳಗೆ ಸೇರಿದರೆ ಹೊರಬರಲು ದಾರಿಯಿಲ್ಲ. ತುಕ್ಕು ಹಿಡಿಯೋದು ಹೊರಗೆ ಕಾಣುವ ಜಾಗದಲ್ಲಲ್ಲ. ಔಟರಿನ ಒಳಗೆ, ಮತ್ತೆ ಲಿವರಿನ ಹೊಟ್ಟೆಯಲ್ಲಿ, ವೈರಿನ ತಲೆ ಕೂತಿರುವ ಕಡೆ. ಪ್ರತಿ ಸಲ ಬ್ರೇಕ್ ಹಿಡಿದಾಗಲೂ ವೈರು ಬಾಗೋದು ಅಲ್ಲೇ, ಎಳೆ ಒಂದೊಂದಾಗಿ ಕಿತ್ತುಹೋಗೋದೂ ಅಲ್ಲೇ. ಹ್ಯಾಂಡಲ್ ಮೇಲಿನ ಔಟರ್ ಪಳಪಳ ಅನ್ನುತ್ತಿರುತ್ತದೆ. ಫೋಟೋ ಚೆನ್ನಾಗಿ ಬರುತ್ತದೆ.

ನನ್ನ ಗೆಳೆಯನೊಬ್ಬ ಇದೇ ಮಡಿಯವನು. ಹಳೇ ಇಟಾಲಿಯನ್ ಫ್ರೇಮು, ಒಂದು ನಟ್ಟೂ ತಪ್ಪಿಲ್ಲದ ಹಾಗೆ ಕಟ್ಟಿದ್ದ. ಕೇಬಲ್ಲೂ ಆ ಕಾಲದ್ದೇ, ಪ್ಯಾಕೆಟ್ ಒಡೆಯದ್ದು. ಬದಲಿಸು ಅಂದರೆ ‘ಲುಕ್ ಹೋಗುತ್ತೆ ಗುರೂ’ ಅಂದ. ಬೆಟ್ಟ ಇಳಿಯುವಾಗ ಒಂದು ತಿರುವಿನಲ್ಲಿ ಮುಂದಿನ ಬ್ರೇಕಿನ ವೈರು ತಲೆಯ ಹತ್ತಿರ ಫಟ್ ಅಂತ ಹೋಯಿತು. ನಿಲ್ಲಿಸುವ ಬಲದ ಹೆಚ್ಚು ಪಾಲು ಇರೋದು ಮುಂದಿನ ಬ್ರೇಕಿನಲ್ಲೇ. ಹಿಂದಿನದನ್ನು ಜೋರಾಗಿ ಹಿಡಿದ, ಗಾಲಿ ಲಾಕ್ ಆಗಿ ಜಾರಿತು. ಪುಣ್ಯಕ್ಕೆ ಬಿದ್ದದ್ದು ಬೆಟ್ಟದ ಗೋಡೆಯ ಕಡೆಯ ಮಣ್ಣಿಗೆ, ಕಣಿವೆಯ ಕಡೆಗಲ್ಲ. ಕಾಲರ್ ಬೋನ್ ಮುರಿದು ಆರು ವಾರ ಕೈ ಕಟ್ಟಿಕೊಂಡು ಮನೆಯಿಂದಲೇ ಸ್ಟ್ಯಾಂಡಪ್ ಮೀಟಿಂಗ್ ಮಾಡಿದ. ಕೇಬಲ್ ಮಾರಿದವರದ್ದು ತಪ್ಪು ಅಂತ ನಾನು ಹೇಳಲ್ಲ. ಅವರು ಮಾರಿದ್ದು ಹಳೇ ಸಾಮಾನು, ಹಳೇ ಸಾಮಾನು ಅಂತ ಹೇಳಿಯೇ ಮಾರಿದರು. ತಪ್ಪು ಇರೋದು ಈ ನಂಬಿಕೆಯಲ್ಲಿ.

‘ಹಾಗಂತ ರೂಲ್ಸ್ ಇದೆಯಲ್ಲ’ ಅಂತ ಕೆಲವರು ಲೆರೊಯಿಕಾ ಕಡೆ ಬೆರಳು ತೋರಿಸುತ್ತಾರೆ. ಸರಿ, ಅಲ್ಲಿಗೇ ಹೋಗೋಣ. ಇಟಲಿಯ ಟಸ್ಕನಿ ಪ್ರಾಂತ್ಯದ ಗಾಯೊಲೆ ಇನ್ ಕಿಯಾಂಟಿ ಎಂಬ ಊರಿನಲ್ಲಿ ಜ್ಯಾಂಕಾರ್ಲೊ ಬ್ರೊಚ್ಚಿ 1997ರಲ್ಲಿ ಶುರು ಮಾಡಿದ ಸೈಕಲ್ ಸವಾರಿ ಅದು. ಇವತ್ತು ಪ್ರಪಂಚದಲ್ಲಿ ವಿಂಟೇಜ್ ರೋಡ್ ಸೈಕಲ್ ಅಂದರೆ ಏನು ಅನ್ನೋದಕ್ಕೆ ಹೆಚ್ಚುಕಮ್ಮಿ ಅದೇ ಅಳತೆಗೋಲು. 1987ಕ್ಕಿಂತ ಹಿಂದಿನ ರೇಸ್ ಸೈಕಲ್ ಇರಬೇಕು. ಗೇರ್ ಲಿವರ್ ಹ್ಯಾಂಡಲ್ ಮೇಲಲ್ಲ, ಡೌನ್ ಟ್ಯೂಬ್ ಅಂತೀವಲ್ಲ, ಆ ಓರೆ ಪೈಪಿನ ಮೇಲಿರಬೇಕು. ಪೆಡಲಿಗೆ ಕ್ಲಿಪ್ಪು, ಚರ್ಮದ ಪಟ್ಟಿ ಇರಬೇಕು. ಬ್ರೇಕ್ ಕೇಬಲ್ ಹ್ಯಾಂಡಲ್ ಟೇಪಿನ ಅಡಿಗೆ ಅವಿತುಕೊಳ್ಳದೆ ಹೊರಗೆ ಕಾಣುವಂತೆ ಬಾಗಿ ಹೋಗಬೇಕು. ಗಮನಿಸಿ, ನಿಯಮ ಕೇಳೋದು ಕೇಬಲ್ ಎಲ್ಲಿ ಹೋಗುತ್ತದೆ ಅಂತ. ಅದನ್ನು ಯಾವ ವರ್ಷ ಹೊಸೆದರು ಅಂತಲ್ಲ.

ಇನ್ನೂ ಒಂದು ಮಾತು. ಬ್ರೊಚ್ಚಿ ಆ ಸವಾರಿ ಶುರು ಮಾಡಿದ್ದು ಸೈಕಲ್ ಪೂಜೆಗಲ್ಲ. ಟಸ್ಕನಿಯ ಬಿಳಿ ಜಲ್ಲಿ ರಸ್ತೆಗಳು ಒಂದೊಂದಾಗಿ ಡಾಂಬರಿನಡಿ ಮುಚ್ಚಿಹೋಗುತ್ತಿದ್ದವು, ಅವನ್ನು ಉಳಿಸಬೇಕಿತ್ತು. ರಸ್ತೆ ಉಳಿಯಬೇಕಾದರೆ ಅದರ ಮೇಲೆ ಜನ ಓಡಾಡಬೇಕು. ಅಂದರೆ ಅಲ್ಲಿ ಹಳೇ ಸೈಕಲ್ ಇರೋದು ಧೂಳು ಕುಡಿಯೋಕೆ, ಜಲ್ಲಿ ಮೇಲೆ ಅಲುಗಾಡೋಕೆ, ಇಳಿಜಾರಿನಲ್ಲಿ ಬ್ರೇಕ್ ಹಿಡಿಯೋಕೆ. ಅಂಥ ಕಡೆಯಿಂದ ನಾವು ಬಳಕೆಯನ್ನು ಬಿಟ್ಟು ಬರೀ ಮಡಿಯನ್ನು ತಂದುಕೊಂಡಿದ್ದೇವೆ.

ಗಾಜಿನ ಪೆಟ್ಟಿಗೆಯಲ್ಲಿಡುವ ಸೈಕಲ್ ಬೇರೆ, ಅದನ್ನು ನಾನು ಒಪ್ಪುತ್ತೇನೆ. ಎಡ್ಡಿ ಮರ್ಕ್ಸ್ 1972ರಲ್ಲಿ ಮೆಕ್ಸಿಕೊ ನಗರದಲ್ಲಿ ಒಂದು ಗಂಟೆಗೆ 49.431 ಕಿಲೋಮೀಟರ್ ತುಳಿದ ಸೈಕಲ್ ಇವತ್ತು ಬ್ರಸೆಲ್ಸ್‌ನಲ್ಲಿ ಅವನದೇ ಹೆಸರಿನ ಮೆಟ್ರೊ ಸ್ಟೇಷನ್ನಿನಲ್ಲಿದೆ. ಅದರ ಒಂದು ಸ್ಪೋಕ್ ಮುಟ್ಟಿದರೂ ತಪ್ಪು. ಮಜಾ ಅಂದರೆ ಅದು ಟ್ರ್ಯಾಕ್ ಸೈಕಲ್, ಅದಕ್ಕೆ ಬ್ರೇಕೂ ಇಲ್ಲ, ಗೇರೂ ಇಲ್ಲ, ಕೇಬಲ್ಲೇ ಇಲ್ಲ. ನಿಮ್ಮ ಸೈಕಲ್ ಗೋಡೆಗೆ ನೇತು ಹಾಕೋದಾದರೆ ಐವತ್ತಲ್ಲ, ಎಪ್ಪತ್ತು ವರ್ಷದ ಕೇಬಲ್ ಹಾಕಿ. ಮೊಳೆಗೆ ನೇತಾಡುವ ಸೈಕಲ್ಲಿಗೆ ಬ್ರೇಕ್ ಯಾತಕ್ಕೆ? ಆದರೆ ಅದರ ಮೇಲೆ ಮನುಷ್ಯನೊಬ್ಬ ಕೂತು ರಸ್ತೆಗೆ ಇಳಿದ ಮೇಲೆ ಅದು ಮ್ಯೂಸಿಯಂ ವಸ್ತುವಲ್ಲ, ವಾಹನ. ಬ್ರೇಕ್ ತಪ್ಪಿದರೆ ಬೀಳೋದು ಅವನೊಬ್ಬನೇ ಅಲ್ಲ. ಎದುರಿಗೆ ಬರುವ ಹೂ ಮಾರುವವಳೂ ಇದ್ದಾಳೆ, ಶಾಲೆಗೆ ಹೋಗುವ ಮಗುವೂ ಇದೆ.

ಮಡಿವಂತರ ಮಡಿ ಎಷ್ಟು ಗಟ್ಟಿ ಅಂತಲೂ ನೋಡಿಬಿಡೋಣ. ಕೇಬಲ್ ಬದಲಿಸೋದು ಹಿಂತಿರುಗಿಸಬಹುದಾದ ಕೆಲಸ. ಹಳೆಯದನ್ನು ಬಿಚ್ಚಿ ಸುರುಳಿ ಸುತ್ತಿ, ಕವರಿನಲ್ಲಿ ಹಾಕಿ, ಚೀಟಿ ಬರೆದಿಟ್ಟರೆ ಆಯಿತು, ನಾಳೆ ಮ್ಯೂಸಿಯಮ್ಮಿನವರು ಕೇಳಿದರೆ ಹತ್ತು ನಿಮಿಷದಲ್ಲಿ ವಾಪಸ್ ಹಾಕಬಹುದು. ಆದರೆ ಇದೇ ಜನ ಮೊದಲ ವಾರದಲ್ಲೇ ಏನು ಮಾಡಿರುತ್ತಾರೆ? ಫ್ರೇಮನ್ನು ಸ್ಯಾಂಡ್ ಬ್ಲಾಸ್ಟಿಂಗಿಗೆ ಕೊಟ್ಟು, ಫ್ಯಾಕ್ಟರಿಯ ಮೂಲ ಬಣ್ಣವನ್ನೆಲ್ಲ ಕೆರೆಸಿ, ಪೌಡರ್ ಕೋಟ್ ಹಾಕಿಸಿ, ಕಂಪ್ಯೂಟರಿನಲ್ಲಿ ಕತ್ತರಿಸಿದ ಹೊಸ ಸ್ಟಿಕ್ಕರ್ ಅಂಟಿಸಿರುತ್ತಾರೆ. ಒಳ್ಳೆಯ ಹಳೇ ರೇಸ್ ಫ್ರೇಮುಗಳ ಪೈಪು ನಡುವೆ ಒಂದು ಮಿಲಿಮೀಟರಿಗಿಂತ ತೆಳು, ಅದರ ಮೇಲೆ ಮರಳಿನ ಮಳೆ! ಐವತ್ತು ವರ್ಷದ ಗೀರು, ಮೊದಲ ಯಜಮಾನ ತಾಗಿಸಿಕೊಂಡ ಗುರುತು, ಬಿಸಿಲಿಗೆ ಮಾಸಿದ ಬಣ್ಣ, ಇತಿಹಾಸ ಅಂತ ನಿಜವಾಗಿ ಇದ್ದದ್ದೇ ಅದು. ಅದನ್ನು ಅಳಿಸಿದ್ದಾಯಿತು, ವಾಪಸ್ ಬರಲ್ಲ. ಆಮೇಲೆ ಕೂತು ಕೇಬಲ್ಲಿನ ವರ್ಷ ಎಣಿಸುತ್ತಾರೆ. ಹೊಳೆಯಲ್ಲಿ ಹುಣಸೆಹಣ್ಣು ತೊಳೆದು, ದಡದಲ್ಲಿ ಕೂತು ಬೀಜ ಎಣಿಸಿದ ಹಾಗೆ.

ಇದರ ಹಿಂದೆ ಇನ್ನೊಂದು ವಿಷಯ ಇದೆ, ಅದು ನನಗೆ ಹೆಚ್ಚು ಚುಚ್ಚುವುದು. ಪೀರಿಯಡ್ ಕರೆಕ್ಟ್ ಅನ್ನೋ ಕಲ್ಪನೆಯಲ್ಲಿ ಒಂದು ಸೈಕಲ್ಲಿನ ನಿಜವಾದ ದಿನ ಅಂದರೆ ಅದು ಫ್ಯಾಕ್ಟರಿಯಿಂದ ಹೊರಬಂದ ಮೊದಲ ದಿನ, ಕ್ಯಾಟಲಾಗಿನ ಫೋಟೋದ ದಿನ. ಅದರ ನಂತರ ನಡೆದದ್ದೆಲ್ಲ ಕಲಬೆರಕೆ. ಅಂದರೆ ಆ ಸೈಕಲ್ಲನ್ನು ನಲವತ್ತು ಐವತ್ತು ವರ್ಷ ಓಡುವಂತೆ ಇಟ್ಟ ಮೆಕ್ಯಾನಿಕ್ಕುಗಳೆಲ್ಲ ಇತಿಹಾಸದಿಂದ ಔಟ್. ನಮ್ಮೂರ ಸೈಕಲ್ ಶಾಪ್ ಚಾಚಾನ ಹತ್ತಿರ ಒಂದು ಬಿಸ್ಕತ್ ಡಬ್ಬ ಇತ್ತು. ಅದರಲ್ಲಿ ಬಾಲ್ಸು, ಕಾಟರ್ ಪಿನ್ನು, ವಾಷರು, ಯಾವ್ಯಾವುದೋ ಸೈಕಲ್ಲಿನ ಯಾವ್ಯಾವುದೋ ಭಾಗ. ನಮ್ಮಪ್ಪನ ಸೈಕಲ್ಲಿಗೆ ಕೇಬಲ್ ಇರಲಿಲ್ಲ, ಕಂಬಿ ಬ್ರೇಕು. ಹಾಲಿನ ಕ್ಯಾನ್ ಹೊತ್ತು ಹೊತ್ತು ಅದರ ಕಂಬಿ, ಕಟ್ಟೆ, ಪೆಡಲು, ರಿಮ್ಮು, ಸೀಟು ಎಲ್ಲ ಆ ಡಬ್ಬದ ಕೃಪೆಯಿಂದ ಬದಲಾಗಿ ಬದಲಾಗಿ, ಕೊನೆಗೆ ಅದರಲ್ಲಿ ಒರಿಜಿನಲ್ ಅಂತ ಉಳಿದದ್ದು ಅಪ್ಪ ಒಬ್ಬರೇ. ಆದರೂ ಅದು ಅಪ್ಪನ ಸೈಕಲ್ಲೇ. ಹಳ್ಳಿಯಲ್ಲಿ ವಸ್ತು ಹಳೆಯದಾಗೋದು ಹೀಗೆ, ರಿಪೇರಿಯಾಗುತ್ತಾ ಆಗುತ್ತಾ. ಹಳೆಯದನ್ನು ಮುಟ್ಟಲೇಬಾರದು ಅನ್ನೋದು, ದಿನಾ ಓಡಾಡೋಕೆ ಬೇರೆ ಗಾಡಿ ಇರುವವರ ಮಾತು.

ಸಾಫ್ಟ್‌ವೇರಿನವರಿಗೆ ಇದನ್ನು ನಮ್ಮ ಭಾಷೆಯಲ್ಲೇ ಹೇಳಬಹುದು. ಲಿವರಿನಲ್ಲಿ ವೈರಿನ ತಲೆ ಕೂರುವ ಗೂಡು, ಕ್ಯಾಲಿಪರಿನಲ್ಲಿ ವೈರು ಬಿಗಿಯುವ ಬೋಲ್ಟು, ಇವೆರಡರ ನಡುವಿನ ಒಪ್ಪಂದ ಒಂದು ಇಂಟರ್‌ಫೇಸ್. ಅದು ದಶಕಗಳಿಂದ ಬದಲಾಗಿಲ್ಲ. 1970ರ ದಶಕದ ಇಟಾಲಿಯನ್ ಲಿವರಿಗೆ ಇವತ್ತಿನ ಒಂದು ಮಾಮೂಲಿ ರೋಡ್ ಬ್ರೇಕ್ ವೈರು ಹೋಗಿ ಕೂರುತ್ತದೆ. ಇದಕ್ಕಿಂತ ದೊಡ್ಡ ಬ್ಯಾಕ್‌ವರ್ಡ್ ಕಂಪ್ಯಾಟಿಬಿಲಿಟಿ ನೀವು ಎಲ್ಲಿ ನೋಡಿದ್ದೀರಿ? ಹಳೇ ಸೈಕಲ್ಲಿನಲ್ಲಿ ಕಾಪಾಡಬೇಕಾದ ನಿಧಿ ಅಂದರೆ ಇದು. ಇಂಟರ್‌ಫೇಸ್ ಹಾಗೇ ಇಟ್ಟು ಒಳಗಿನ ಕೋಡ್ ಹೊಸದು ಮಾಡೋದನ್ನು ನಾವು ಆಫೀಸಿನಲ್ಲಿ ಜಾಣತನ ಅಂತೀವಿ. ಸೆಕ್ಯುರಿಟಿ ಪ್ಯಾಚ್ ಹಾಕಬೇಡಿ, ಹಳೇ ವರ್ಷನ್ನಿನ ಸೊಗಸು ಹೋಗುತ್ತೆ ಅಂತ ಯಾರಾದರೂ ಪ್ರೊಡಕ್ಷನ್ ಸರ್ವರ್ ಬಗ್ಗೆ ಹೇಳಿದರೆ ಮಾರನೇ ದಿನ ಅವನ ಆಕ್ಸೆಸ್ ಕಿತ್ತುಕೊಳ್ಳುತ್ತೀವಿ.

ಈ ನಿಧಿ ನಮ್ಮ ಕಣ್ಣೆದುರೇ ಕರಗುತ್ತಿದೆ, ಅದಕ್ಕೇ ನನಗೆ ಸಿಟ್ಟು. ಶಿಮಾನೊ 2009ರಲ್ಲಿ ಎಲೆಕ್ಟ್ರಾನಿಕ್ ಗೇರ್ ತಂದಿತು, ಸ್ರ್ಯಾಮ್ 2015ರಲ್ಲಿ ವೈರೇ ಇಲ್ಲದ ಗೇರ್ ತಂದಿತು. ಚೆನ್ನಾಗೇ ಕೆಲಸ ಮಾಡುತ್ತವೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಬ್ಯಾಟರಿ ಸತ್ತರೆ ಚಾಚಾನ ಬಿಸ್ಕತ್ ಡಬ್ಬದಲ್ಲಿ ಮದ್ದಿಲ್ಲ. ಇವತ್ತಿನ ಎಷ್ಟೋ ದುಬಾರಿ ಸೈಕಲ್ಲುಗಳಲ್ಲಿ ಬ್ರೇಕಿನ ಹೋಸು ಹ್ಯಾಂಡಲಿನ ಒಳಗಿಂದ, ಹೆಡ್‌ಸೆಟ್ಟಿನ ಬೇರಿಂಗಿನ ನಡುವಿಂದ ತೂರಿ ಹೋಗುತ್ತದೆ. ಮೇಲಿನ ಬೇರಿಂಗ್ ಒಂದನ್ನು ಬದಲಿಸಬೇಕಾದರೆ ಬ್ರೇಕನ್ನೇ ಬಿಚ್ಚುವ ಪರಿಸ್ಥಿತಿ. ಕಣ್ಣಿಗೆ ಕಾಣುವ, ಕೈಗೆ ಸಿಗುವ, ಒಂದು ಅಲೆನ್ ಕೀ ಅಥವಾ ಸ್ಪ್ಯಾನರಿಗೆ ಬಗ್ಗುವ ಕೇಬಲ್ ಅಳಿದುಹೋಗುತ್ತಿರುವ ಹೊತ್ತಿನಲ್ಲಿ, ಹಳೇ ಸೈಕಲ್ಲಿನ ಪ್ರೇಮಿಗಳು ಸಾರಬೇಕಾದ ಸುದ್ದಿ ಏನು? ‘ನೋಡಿ, ಇದನ್ನು ಮಸಾಲೆ ದೋಸೆ ದುಡ್ಡಿನಲ್ಲಿ ನೀವೇ ಹೊಸದು ಮಾಡಿಕೊಳ್ಳಬಹುದು’ ಅಂತ. ನಾವು ಸಾರುತ್ತಿರೋದು ‘ಇದಕ್ಕೆ ಸಿಗದ ಕೇಬಲ್ಲೇ ಬೇಕು’ ಅಂತ. ಎಲ್ಲರ ಕೈಗೂ ಎಟುಕುತ್ತಿದ್ದ ಒಂದೇ ಒಂದು ಸರಳ ಭಾಗವನ್ನು ನಾವೇ ಅಪರೂಪದ ಒಡವೆ ಮಾಡಿಟ್ಟಿದ್ದೇವೆ.

ಅವರ ಕಡೆಯ ಒಳ್ಳೆಯ ವಾದವನ್ನೂ ಒಪ್ಪೋಣ. ನೋಟ ಮುಖ್ಯ ಅಂತಾರೆ. ಮುಖ್ಯವೇ. ಹಳ್ಳಿಕಾರ್ ಎತ್ತಿನ ಕೊಂಬಿನ ಹಾಗೆ ಲಿವರಿನ ನೆತ್ತಿಯಿಂದ ಎದ್ದು ಬಾಗುವ ಆ ಎರಡು ಕೇಬಲ್ ಇಲ್ಲದೆ 70ರ ದಶಕದ ಸೈಕಲ್ಲಿಗೆ ಮುಖವೇ ಇಲ್ಲ. ಮೇಲಿನ ಅಡ್ಡಪೈಪಿಗೆ ಹಿಂದಿನ ಬ್ರೇಕಿನ ಔಟರನ್ನು ಹಿಡಿದಿಡುವ ಆ ಸಣ್ಣ ಕ್ರೋಮ್ ಪಟ್ಟಿಗಳು ಹೋದರೆ ಮೈ ಬೋಳು ಬೋಳು. ಅವನ್ನೆಲ್ಲ ಉಳಿಸಿ. ಕೇಬಲ್ ಒಳಗೆ ತೂರಿಸೋಕೆ ಅಂತ ಹಳೇ ಫ್ರೇಮಿಗೆ ಡ್ರಿಲ್ ಹಾಕುವವರನ್ನು ನನ್ನ ಕೈಗೆ ಕೊಡಿ, ನಾನೇ ವಿಚಾರಿಸಿಕೊಳ್ಳುತ್ತೇನೆ. ಆದರೆ ಈ ನೋಟಕ್ಕೂ ಹಳೇ ಉಕ್ಕಿಗೂ ಸಂಬಂಧ ಇಲ್ಲ. ಒಳಗೆ ನುಣುಪು ಪದರವಿರುವ ಇವತ್ತಿನ ಬ್ರೇಕ್ ಔಟರ್ 5 ಮಿಲಿಮೀಟರ್ ದಪ್ಪ, ಆ ಹಳೇ ಕ್ರೋಮ್ ಪಟ್ಟಿಯಲ್ಲಿ ಸರಿಯಾಗಿ ಕೂರುತ್ತದೆ. ಬೂದಿ, ಬಿಳಿ, ಕಪ್ಪು, ಯಾವ ಬಣ್ಣ ಬೇಕೋ ಹುಡುಕಿ. ಅದೇ ದಾರಿ, ಅದೇ ಬಾಗು, ಅದೇ ಬಣ್ಣ. ಹತ್ತು ಅಡಿ ದೂರದಿಂದ ನಿಮ್ಮ ಮಡಿವಂತ ಗುರುವಿಗೂ ವ್ಯತ್ಯಾಸ ಗೊತ್ತಾಗಲ್ಲ.

ಗೇರ್ ಕೇಬಲ್ ವಿಷಯದಲ್ಲಿ ನಾನು ಸ್ವಲ್ಪ ಸಡಿಲ ಬಿಡುತ್ತೇನೆ. ಆ ಕಾಲದ ಕಂಪಾನ್ಯೋಲೊ ನುವೊವೊ ರೆಕಾರ್ಡ್ ಥರದ ಡಿರೇಲರಿನ ವೈರು ಕಿತ್ತುಹೋದರೆ ಸ್ಪ್ರಿಂಗ್ ಅದನ್ನು ಹಿಂದಿನ ಅತಿ ಸಣ್ಣ ಹಲ್ಲುಗಾಲಿಗೆ ಎಳೆದು ನಿಲ್ಲಿಸುತ್ತದೆ. ಭಾರದ ಗೇರಿನಲ್ಲಿ ಬೆವರು ಸುರಿಸಿಕೊಂಡು ಮನೆಗೆ ಬರುತ್ತೀರಿ, ಅಷ್ಟೇ ಶಿಕ್ಷೆ. ಅಲ್ಲಿ ಐವತ್ತು ವರ್ಷದ ವೈರು ಹಾಕಿಕೊಂಡು ಖುಷಿಪಡಿ. ಬ್ರೇಕಿಗೆ ಬೇಡ.

ಬದಲಿಸುವವರಿಗೆ ನಾಲ್ಕು ಮಾತು. ರೋಡ್ ಬ್ರೇಕಿನ ಒಳವೈರಿನ ತಲೆ ಮರಸೇಬಿನ ಆಕಾರದ್ದು, ಮೌಂಟನ್ ಬೈಕಿನದು ಸಣ್ಣ ಡ್ರಮ್ಮಿನ ಹಾಗೆ. ಎರಡೂ ತುದಿಗೆ ಒಂದೊಂದು ತಲೆ ಇರುವ ವೈರು ಸಿಕ್ಕರೆ ಬೇಡದ್ದನ್ನು ಕತ್ತರಿಸಿ. ತಲೆ ಲಿವರಿನ ಗೂಡಿನಲ್ಲಿ ಪೂರ್ತಿ ಕೂತಿದೆಯಾ, ಲಿವರ್ ಹಿಡಿದಾಗ ಸರಾಗ ತಿರುಗುತ್ತದಾ ನೋಡಿ. ತುಕ್ಕು ಹಿಡಿಯದ ಉಕ್ಕಿನ ವೈರೇ ತಗೊಳ್ಳಿ. ಔಟರ್ ಕತ್ತರಿಸಿದ ತುದಿಯನ್ನು ಅರದಿಂದ ಸಪಾಟು ಮಾಡಿ, ಲೋಹದ ಟೋಪಿ ಹಾಕಿ, ಇಲ್ಲದಿದ್ದರೆ ಸ್ಪ್ರಿಂಗಿನ ಚೂಪು ತುದಿ ವೈರನ್ನು ಕೆರೆಯುತ್ತದೆ. ಹ್ಯಾಂಡಲ್ ಎರಡೂ ಕಡೆ ಪೂರ್ತಿ ತಿರುಗಿಸಿ, ಕೇಬಲ್ ಎಳೆದುಕೊಳ್ಳಬಾರದು. ಎಲ್ಲಕ್ಕಿಂತ ಮುಖ್ಯ, 1984ರಲ್ಲಿ ಶಿಮಾನೊದ ಕ್ಲಿಕ್ ಕ್ಲಿಕ್ ಗೇರ್ ಬಂದ ಮೇಲೆ ಬಳಕೆಗೆ ಬಂದ, ಎಳೆಗಳು ಉದ್ದುದ್ದಕ್ಕೆ ಜೋಡಿಸಿರುವ ಗೇರ್ ಔಟರನ್ನು ಯಾವ ಕಾರಣಕ್ಕೂ ಬ್ರೇಕಿಗೆ ಹಾಕಬೇಡಿ. ಬ್ರೇಕಿನ ಬಲಕ್ಕೆ ಅದು ಸಿಡಿದು ಬಿಚ್ಚಿಕೊಳ್ಳಬಹುದು. ಬ್ರೇಕಿಗೆ ಸ್ಪ್ರಿಂಗಿನಂತೆ ಸುತ್ತಿದ ಔಟರೇ ಬೇಕು.

ಇಷ್ಟು ಮಾಡಿದ ಮೇಲೂ ಯಾರಾದರೂ ಬಂದು ‘ಕೇಬಲ್ ಒರಿಜಿನಲ್ಲಾ?’ ಅಂತ ಕೇಳಿದರೆ ಕೀಳರಿಮೆ ಬೇಡ. ಎರಡು ವರ್ಷಕ್ಕೊಮ್ಮೆ ವೈರು ಬದಲಿಸುವ ಒರಿಜಿನಲ್ ಪದ್ಧತಿಯನ್ನೇ ಪಾಲಿಸ್ತಿದ್ದೀನಿ ಅಂತ ಹೇಳಿ. ಆಮೇಲೆ ಅವರ ಲಿವರ್ ಬಿಚ್ಚಿ, ವೈರಿನ ತಲೆಯ ಹತ್ತಿರ ಎಷ್ಟು ಎಳೆ ಉಳಿದಿದೆ ಅಂತ ಒಂದು ಸಲ ನೋಡೋಕೆ ಹೇಳಿ.